ಆಯಿಯ ನರ, ಶೈಲಾಳ ಕೈ

ಹೊಟ್ಟೆಕಿಚ್ಚಿಗೆ ರಕ್ತಪರೀಕ್ಷೆ ಇಲ್ಲ. ಸಕ್ಕರೆಗಿದೆ, ಕೊಬ್ಬಿಗಿದೆ, ಥೈರಾಯ್ಡಿಗಿದೆ, ಎರಡು ತಿಂಗಳ ಹಿಂದೆ ಯಾರಿಗೂ ಹೇಳದೆ ತಿಂದ ಜಿಲೇಬಿಗೂ ಇದೆ. ಆದರೆ ಗೆಳತಿಯ ಏಳಿಗೆ ಕಂಡು ಎದೆಯ ಕೆಳಗೆ, ಹೊಕ್ಕುಳ ಮೇಲೆ ಎಲ್ಲೋ ಒಂದು ಕಡೆ ಸಣ್ಣಗೆ ಹೊಗೆಯಾಡುತ್ತದಲ್ಲ, ಅದನ್ನು ಅಳೆಯುವ ಯಂತ್ರವನ್ನು ಯಾರೂ ಕಂಡುಹಿಡಿದಿಲ್ಲ. ಕಂಡುಹಿಡಿದಿದ್ದರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಗೆಳತಿಯ ಸಿಹಿಸುದ್ದಿ ಕೇಳಿ ಎರಡು ತಾಸಾದ ಮೇಲೆ ಇನ್ನೊಮ್ಮೆ ರಕ್ತ ತೆಗೆಯಬೇಕಾಗುತ್ತಿತ್ತು. ನನ್ನದು ಖಾಲಿ ಹೊಟ್ಟೆಯಲ್ಲಿಯೇ ಮಿತಿ ಮೀರಿರುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ರಕ್ತದ ಮಾತನ್ನು ಇಷ್ಟು ಸಲಿಗೆಯಿಂದ ಆಡಲು ನನಗೆ ಅಧಿಕಾರವಿದೆ. ನಾನು ರಕ್ತ ತೆಗೆಯುವವಳು. ಈ ಕೆಲಸಕ್ಕೆ ಫ್ಲೆಬಾಟಮಿಸ್ಟ್ ಎಂಬ ದೊಡ್ಡ ಹೆಸರಿದೆ. ಅಂಕೋಲೆಯ ಹತ್ತಿರದ ನಮ್ಮ ಶೆಟಗೇರಿಯಲ್ಲಿ ಅದನ್ನು ಹೇಳಿದರೆ ಜನ ಎರಡನೇ ಸಲ ಕೇಳುವುದಿಲ್ಲ, ಸುಮ್ಮನೆ ಗೌರವ ಕೊಟ್ಟು ಮಾತು ಬದಲಿಸುತ್ತಾರೆ. ಇದಕ್ಕೂ ಮೊದಲು ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿದ್ದೆ. ಆ ಪದವಿ ನನಗೆ ಕೊಟ್ಟದ್ದು ಒಂದೇ ವಿದ್ಯೆ: ಯಾವ ಸಾಕ್ಷಿಯನ್ನೂ ಸುಲಭಕ್ಕೆ ನಂಬಬಾರದು, ಅದರಲ್ಲೂ ಕಣ್ಣಾರೆ ಕಂಡೆ ಎನ್ನುವವರನ್ನು ನಂಬಲೇಬಾರದು. ಈ ವಿದ್ಯೆಗೆ ಅಂಕೋಲೆಯಲ್ಲಿ ಯಾರೂ ಸಂಬಳ ಕೊಡುವುದಿಲ್ಲ. ಒಂದೂವರೆ ವರ್ಷ ಮನೆಯಲ್ಲಿ ಕೂತು ಅರ್ಜಿ ಹಾಕಿ ಹಾಕಿ ಬೇಸತ್ತ ಮೇಲೆ ಕಾರವಾರದಲ್ಲಿ ರಕ್ತ ತೆಗೆಯುವ ತರಬೇತಿಗೆ ಸೇರಿಕೊಂಡೆ. ಆಗ ಪಕ್ಕದ ಮನೆಯ ಅಜ್ಜಿ ಆಯಿಯನ್ನು, ಅಂದರೆ ನನ್ನ ತಾಯಿಯನ್ನು, ಕೇಳಿದ್ದು ನನಗೆ ಈಗಲೂ ನೆನಪಿದೆ: “ಎಂ.ಎ. ಅಂದ್ರೆ ಸೂಜಿ ಚುಚ್ಚೂದನೇ?” ನೆನಪಿದೆ ಎಂದೆನಲ್ಲ, ಅದನ್ನೂ ಸ್ವಲ್ಪ ಅನುಮಾನದಿಂದಲೇ ಓದಿಕೊಳ್ಳಿ. ಅಜ್ಜಿ ಅಷ್ಟು ಚುರುಕಾಗಿ ಹೇಳಿದರೋ, ನಾನು ದಿನಚರಿಯಲ್ಲಿ ಬರೆಯುವಾಗ ಚುರುಕು ಮಾಡಿದೆನೋ ಹೇಳಲಾರೆ. ದಿನಚರಿ ಬರೆಯುವವರ ಕಷ್ಟ ಇದು. ನಮ್ಮ ನೆನಪಿಗೆ ನಾವೇ ಗುಮಾಸ್ತರು, ಮೇಲಧಿಕಾರಿ ಹೊಟ್ಟೆಕಿಚ್ಚು. ಅದು ಹೇಳಿದಂತೆ ಬರೆಯಬೇಕಾಗುತ್ತದೆ.

ತರಬೇತಿಯಲ್ಲಿ ಮೊದಲು ಕೊಟ್ಟದ್ದು ಒಂದು ರಬ್ಬರಿನ ಕೈ. ಎಂಥ ಸಜ್ಜನ ಕೈ ಅದು! ಎಷ್ಟು ಸಲ ಚುಚ್ಚಿದರೂ ಮುಖ ಕಿವುಚದು, “ಹೊಸಬಳನಾ?” ಎಂದು ಕೇಳದು. ಅದರ ನರಗಳು ಹೊಳೆಯ ಮೇಲಿನ ಸೇತುವೆಯಂತೆ ಸ್ಪಷ್ಟವಾಗಿ ಕಾಣುತ್ತಿದ್ದವು. (ನಿಜಕ್ಕೂ ಅವು ರಕ್ತನಾಳಗಳು. ಆದರೆ ನಮ್ಮ ಕಡೆ ರೋಗಿಯಿಂದ ಹಿಡಿದು ಡಾಕ್ಟರರವರೆಗೆ ಎಲ್ಲರೂ ನರವೆಂದೇ ಹೇಳುತ್ತಾರೆ, ನಾನೂ ಹಾಗೇ ಹೇಳುತ್ತೇನೆ.) ರಬ್ಬರಿನ ಕೈಯಲ್ಲಿ ಪಳಗಿದ ಮೇಲೆ ನನಗೆ ಧೈರ್ಯ ಬಂದು ಮನೆಯವರ ಮೇಲೆ ಕಣ್ಣು ಹಾಕಿದೆ. ಅಪ್ಪ ಕದ್ರಾದ ವಿದ್ಯುದಾಗಾರದಲ್ಲಿ ಕೆಲಸ ಮಾಡುವವರು. ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಬಂದವರು ಟೀವಿಯಲ್ಲಿ ಸುದ್ದಿ ನೋಡುತ್ತ ತೋಳನ್ನು ನನ್ನ ಕಡೆ ಚಾಚಿ, “ತಗ, ಎಷ್ಟು ಬೇಕಾದ್ರೂ ತಗ, ಸುದ್ದಿ ಮುಗಿಯೂದ್ರೊಳಗೆ ಮುಗ್ಸು” ಎನ್ನುತ್ತಿದ್ದರು. ಅವರ ನರಗಳು ತೆಂಗಿನ ಹಗ್ಗದಂತಿದ್ದವು. ಕಣ್ಣು ಮುಚ್ಚಿ ಚುಚ್ಚಿದರೂ ಸಿಗುತ್ತಿದ್ದವು. ಇದರಿಂದ ನನಗೆ ನನ್ನ ಬಗ್ಗೆ ಬಹಳ ತಪ್ಪು ಅಭಿಪ್ರಾಯ ಬಂದುಬಿಟ್ಟಿತು.

ಆ ಅಭಿಪ್ರಾಯವನ್ನು ತಿದ್ದಿದವಳು ಆಯಿ. ಅವಳ ನರಗಳು ನಮ್ಮ ಬೆಳಂಬಾರದ ಕಡಲತೀರದ ಏಡಿಗಳ ಜಾತಿಗೆ ಸೇರಿದವು. ದೂರದಿಂದ ಕಾಣುತ್ತವೆ, ನೆರಳು ಬಿದ್ದ ಕೂಡಲೇ ಬಿಲ ಸೇರುತ್ತವೆ. ಬೆರಳಿಟ್ಟು ಇಲ್ಲಿದೆ ಎಂದುಕೊಂಡರೆ ಅಲ್ಲಿರುತ್ತದೆ, ಅಲ್ಲಿಗೆ ಹೋದರೆ ಇರುವುದೇ ಇಲ್ಲ. ಒಂದು ಭಾನುವಾರ ಎರಡೂ ತೋಳುಗಳಲ್ಲಿ ಹುಡುಕಾಡಿ ಸೋತ ಮೇಲೆ ಆಯಿಯ ಮೊಣಕೈ ಒಳಗೆ ನೇರಳೆ ಹಣ್ಣು ಮೆತ್ತಿದಂತೆ ಕಲೆಗಳೆದ್ದವು. ನಾನು ನನ್ನ ಮಾನ ಉಳಿಸಿಕೊಳ್ಳಲು ಪಾಠ ಒಪ್ಪಿಸಿದೆ. “ಆಯಿ, ನೀ ನೀರೇ ಕುಡಿಯೂದಿಲ್ಲ. ನೀರು ಕುಡಿದ್ರೆ ನರ ಉಬ್ತದೆ. ಕೈ ಬೆಚ್ಚಗಿದ್ರೆ ಮೇಲೆ ಬರ್ತದೆ, ತಣ್ಣಗಿದ್ರೆ ಕುಗ್ತದೆ. ತಪ್ಪು ನಂದಲ್ಲ, ನಿಂದು.” ಆಯಿ ತೆಂಗಿನಕಾಯಿ ತುರಿಯುತ್ತ ಎಲ್ಲವನ್ನೂ ಕೇಳಿಕೊಂಡಳು. ವಿದ್ಯಾವಂತ ಮಗಳ ಮಾತನ್ನು ಅಷ್ಟು ಗಮನವಿಟ್ಟು ಅವಳು ಹಿಂದೆಂದೂ ಕೇಳಿರಲಿಲ್ಲ. ನನಗೆ ಹೆಮ್ಮೆಯಾಗಿತ್ತು.

ಇನ್ನು ಶೈಲಾ. ನಮ್ಮ ತರಬೇತಿಯಲ್ಲಿ ನನ್ನ ಪಕ್ಕದ ಜಾಗದಲ್ಲಿ ಕೂರುತ್ತಿದ್ದ ಬೆಳಂಬಾರದ ಹುಡುಗಿ. ಬಿ.ಎಸ್ಸಿ. ಓದಿದ್ದಾಳೆ, ಮಾತಿಗೆ ಪೂರ್ಣವಿರಾಮ ಇಡುವುದನ್ನು ಮಾತ್ರ ಯಾರೂ ಕಲಿಸಿಲ್ಲ. ಬೆಳಿಗ್ಗೆ ಅಂಕೋಲೆಯಿಂದ ಕಾರವಾರದ ಬಸ್ಸಿನಲ್ಲಿ ನನ್ನ ಪಕ್ಕ ಕೂತರೆ ಅವರ ಮನೆಯ ಬೆಕ್ಕು, ಅತ್ತಿಗೆಯ ತವರು, ನಿನ್ನೆಯ ಬಂಗಡೆ ಸಾರು, ಧಾರಾವಾಹಿಯ ಅತ್ತೆ, ಎಲ್ಲ ಮುಗಿಯುವಷ್ಟರಲ್ಲಿ ಕಾಳಿ ನದಿಯೇ ಎದುರು ಬಂದು ನಿಂತಂತಾಗುತ್ತಿತ್ತು. ಕಾರವಾರದ ನಿಲ್ದಾಣ ಅದಕ್ಕೂ ಮೊದಲೇ ಬರುತ್ತದೆ ಎಂಬುದು ಬೇರೆ ಮಾತು. ಲಿಖಿತ ಪರೀಕ್ಷೆಯಲ್ಲಿ ನಾನು ತರಗತಿಗೆ ಮೊದಲಿಗಳು. ಯಾವ ಪರೀಕ್ಷೆಗೆ ಯಾವ ಬಣ್ಣದ ಮುಚ್ಚಳದ ಕೊಳವೆ, ಯಾವುದನ್ನು ಮೊದಲು ತುಂಬಬೇಕು, ಯಾವುದನ್ನು ಎಷ್ಟು ಸಲ ಮೆಲ್ಲಗೆ ತಿರುವಬೇಕು, ಎಲ್ಲ ನನಗೆ ಬಾಯಿಪಾಠ. ಶೈಲಾ ಪರೀಕ್ಷೆಯ ದಿನದವರೆಗೂ “ಬೂದಿಬಣ್ಣದ್ದು ಸಕ್ಕರೆಗಲ್ವನೇ?” ಎಂದು ನನ್ನನ್ನೇ ಕೇಳುತ್ತಿದ್ದಳು. ಆದರೆ ನಿಜವಾದ ತೋಳಿನ ಎದುರು ಅವಳನ್ನು ಕೂರಿಸಿದರೆ ಮುಗಿಯಿತು. ಅವಳು ರೋಗಿಯನ್ನು “ಇವತ್ತೆಂತ ಸಾರು?” ಎಂದು ಕೇಳುತ್ತಾಳೆ. ರೋಗಿ ಸಾರಿನ ಹೆಸರು ಹೇಳಿ ಮುಗಿಸುವುದರೊಳಗೆ ಕೊಳವೆ ತುಂಬಿರುತ್ತದೆ. “ಚುಚ್ಚಿದ್ಯನೇ?” ಎಂದು ರೋಗಿ ಕೇಳುವುದನ್ನು ನಾನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ! ಪ್ರತಿ ಸಲವೂ ಆ ಸೂಜಿ ನನಗೇ ಚುಚ್ಚುತ್ತಿತ್ತು. ನಾನೂ ಒಮ್ಮೆ ಆ ಉಪಾಯ ಪ್ರಯತ್ನಿಸಿದೆ. ಕಾರವಾರದ ನಿವೃತ್ತ ಮೇಷ್ಟರೊಬ್ಬರನ್ನು “ಇವತ್ತೆಂತ ಸಾರು?” ಎಂದೆ. ಅವರು ಗಂಭೀರವಾಗಿ, “ಮೊದ್ಲು ನರ ನೋಡು, ಆಮೇಲೆ ಸಾರು” ಎಂದರು.

ಇದಕ್ಕೆ ನಮ್ಮಲ್ಲಿ ಕೈಗುಣ ಎನ್ನುತ್ತಾರೆ. ನನಗೆ ಈ ಮಾತಿನ ಮೇಲೆ ವಿಪರೀತ ಸಿಟ್ಟು. ಅಂಕ ಕಡಿಮೆಯಾದರೆ ಓದಬಹುದು, ಬಣ್ಣ ಕಪ್ಪಾದರೆ ಪೌಡರ್ ಹಚ್ಚಬಹುದು. ಕೈಗುಣ ಇಲ್ಲದವಳು ಏನು ಮಾಡಬೇಕು? ಅದಕ್ಕೆ ಪ್ರಮಾಣಪತ್ರವಿಲ್ಲ, ಮರುಮೌಲ್ಯಮಾಪನವಿಲ್ಲ. ಒಬ್ಬ ಡಾಕ್ಟರು ಕೊಟ್ಟ ಮಾತ್ರೆಯನ್ನೇ ಇನ್ನೊಬ್ಬರು ಕೊಟ್ಟರೆ ನಮ್ಮ ಜನಕ್ಕೆ ಜ್ವರ ಬಿಡುವುದಿಲ್ಲ. ಬಾಳೆಗಿಡ ನೆಡುವುದಕ್ಕೂ ಕೈಗುಣ, ಉಪ್ಪಿನಕಾಯಿ ಹಾಕುವುದಕ್ಕೂ ಕೈಗುಣ. ಮೀನುಪೇಟೆಗೆ ಹೋದರೂ ಅಷ್ಟೇ. ಸಾಲಾಗಿ ಕೂತ ಹೆಂಗಸರೆಲ್ಲರ ಬುಟ್ಟಿಯಲ್ಲಿಯೂ ಅದೇ ದೋಣಿಯ, ಅದೇ ಬೆಳಗಿನ ಬಂಗಡೆ. ಆದರೂ ಒಬ್ಬಳ ಮುಂದೆ ಜನ ಮುತ್ತಿಕೊಂಡಿರುತ್ತಾರೆ, ಪಕ್ಕದವಳು ನೊಣ ಹೊಡೆಯುತ್ತ ಕೂತಿರುತ್ತಾಳೆ. ಆಯಿ ಯಾವಾಗಲೂ ಜನ ಮುತ್ತಿದ ಕಡೆಗೇ ನುಗ್ಗುತ್ತಾಳೆ. ಕೇಳಿದರೆ, “ಇಷ್ಟು ಜನ ಸುಳ್ಳು ಹೇಳ್ತ್ರನೇ?” ಎನ್ನುತ್ತಾಳೆ. ತರಬೇತಿಗೆ ಸೇರುವ ಮೊದಲು ನಾನೂ ಅವಳ ಹಿಂದೆಯೇ ನುಗ್ಗುತ್ತಿದ್ದೆ. ನೊಣ ಹೊಡೆಯುವವಳ ಮುಖ ನೋಡಲು ಕಲಿತದ್ದು ಆಮೇಲೆ.

ತರಬೇತಿ ಮುಗಿದ ಮೇಲೆ ಕೆಲಸ ಹುಡುಕುವ ಪರ್ವ ಶುರುವಾಯಿತು. ಕಾರವಾರದಲ್ಲಿ ಹತ್ತಿದ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ. ಎಲ್ಲ ಕಡೆಯೂ ಒಂದೇ ಪ್ರಶ್ನೆ, “ಅನುಭವ ಅದ್ಯಾ?” ಅನುಭವ ಇಲ್ಲದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ಅನುಭವ ಇಲ್ಲ. ಅಪ್ಪನ ತೋಳಿನ ಅನುಭವವನ್ನು ಅರ್ಜಿಯಲ್ಲಿ ಬರೆಯಲು ಬರುತ್ತದೆಯೇ? ಇತ್ತ ನಮ್ಮ ತಂಡದ ವಾಟ್ಸ್ಯಾಪ್ ಗುಂಪಿನಲ್ಲಿ ದಿನ ಬೆಳಗಾದರೆ ಯಾರದಾದರೂ ಸಿಹಿಸುದ್ದಿ. ಒಬ್ಬನಿಗೆ ಹುಬ್ಬಳ್ಳಿಯಲ್ಲಿ, ಇನ್ನೊಬ್ಬಳಿಗೆ ಗೋವೆಯಲ್ಲಿ. ಬಿಳಿ ಕೋಟು ಹಾಕಿಕೊಂಡ ಫೋಟೋ, ಕೆಳಗೆ ಕೈಮುಗಿದ ಚಿತ್ರ. ನಾನು ಎಲ್ಲರಿಗೂ ತಪ್ಪದೆ ಅಭಿನಂದನೆ ಬರೆದು ಹೂವಿನ ಚಿತ್ರ ಹಾಕುತ್ತಿದ್ದೆ. ಹೊಟ್ಟೆಕಿಚ್ಚು ಹೆಚ್ಚಿದಷ್ಟೂ ಹೂವು ಹೆಚ್ಚಾಗುತ್ತಿದ್ದವು. ಶೈಲಾಳಿಂದ ಮಾತ್ರ ಇನ್ನೂ ಸುದ್ದಿ ಬಂದಿರಲಿಲ್ಲ. ಅದೊಂದೇ ನನಗೆ ಆ ದಿನಗಳಲ್ಲಿ ನಿದ್ದೆ ತರಿಸುತ್ತಿದ್ದ ಸಮಾಧಾನ.

ಹೀಗಿರುವಾಗ ಅಂಕೋಲೆಯ ಲ್ಯಾಬೊಂದರ ಮಾಲಕರು ಫೋನು ಮಾಡಿದರು. ಅವರಿಗೆ ಒಬ್ಬರು ಬೇಕಿತ್ತು. ಮನೆಯಿಂದ ಅರ್ಧ ತಾಸಿನೊಳಗಿನ ದಾರಿ, ಊರಲ್ಲೇ ಕೆಲಸ. ನಾನು ದೇವರಿಗೆ ತೆಂಗಿನಕಾಯಿ ಹೇಳಿಕೊಂಡೆ. ಆಮೇಲೆ ತಿಳಿಯಿತು, ಅವರು ಶೈಲಾಳಿಗೂ ಫೋನು ಮಾಡಿದ್ದಾರೆ. ಅವರು ಕೊಂಕಣಿ ಮನೆಮಾತಿನ, ತಮಾಷೆ ಸ್ವಭಾವದ ಹಿರಿಯರು. ಹುಡುಗಿಯರನ್ನೆಲ್ಲ ‘ಬಾಯ್’ (ತಂಗಿ) ಎಂದೇ ಕರೆಯುತ್ತಾರೆ. “ನೋಡು ಬಾಯ್, ಭಾನುವಾರ ಸಮುದಾಯ ಭವನದಲ್ಲಿ ಸಕ್ಕರೆ ಕಾಯಿಲೆ ಶಿಬಿರ ಇಟ್ಟಿದ್ದೆ. ನೀವಿಬ್ರೂ ಬನ್ನಿ, ಎರಡು ಕುರ್ಚಿ ಹಾಕ್ತೆ. ನಾ ಏನೂ ಕೇಳೂದಿಲ್ಲ. ಜನ ಯಾವ ಕುರ್ಚಿಗೆ ಬರ್ತ್ರೋ ಅವ್ಳಿಗೆ ಕೆಲ್ಸ” ಎಂದರು. ಪಂಚಾಯತಿ ಚುನಾವಣೆಯಲ್ಲಿಯೂ ಪ್ರಚಾರಕ್ಕೆ ಸಮಯ ಕೊಡುತ್ತಾರೆ. ನನಗೆ ಅದೂ ಇರಲಿಲ್ಲ. ಆಯಿಗೆ ಹೇಳಿದೆ. ಅವಳು ಹಿಡಿದ ಕೆಲಸ ಕೆಳಗಿಟ್ಟು, “ಆ ಹುಡ್ಗಿಗೆ ನರ ತಪ್ಪೂದೇ ಇಲ್ವನೇ?” ಎಂದು ಕೇಳಿದಳು. ಇಲ್ಲ ಎಂದೆ. “ಒಂದ್ ಸಲನೂ?” ಎಂದಳು. ಒಂದು ಸಲವೂ ನೋಡಿಲ್ಲ ಎಂದೆ. “ಹೂಂ” ಎಂದು ಎದ್ದುಹೋದಳು.

ಶಿಬಿರದ ಬೆಳಿಗ್ಗೆ ಎರಡು ಕುರ್ಚಿ, ಎರಡು ಮೇಜು, ಎರಡು ಹುಡುಗಿಯರು. ಮೊದಲ ಸ್ವಲ್ಪ ಹೊತ್ತು ಎರಡೂ ಕಡೆ ಸಾಲು ಸರಿಸಮವಾಗಿತ್ತು. ಆಮೇಲೆ ನನ್ನ ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಕತ್ತು ಹೊರಳಿಸಿ ಆಚೆ ನೋಡತೊಡಗಿದರು. ಆಚೆ ನಗು, ಸಾರು, ಬೆಕ್ಕಿನ ಕಥೆ. ಈಚೆ ನಾನು, ಹಲ್ಲು ಕಚ್ಚಿಕೊಂಡು, “ಮುಷ್ಟಿ ಬಿಗಿ ಹಿಡೀರಿ, ಹಿಡೀರಿ, ಈಗ ಬಿಡಿ.” ನಾನೂ ಎಲ್ಲರಿಗೂ ಸರಿಯಾಗಿಯೇ ತೆಗೆದೆ, ಒಂದಿಬ್ಬರಿಗೆ ಎರಡನೇ ಸಲ ಚುಚ್ಚಬೇಕಾಯಿತು, ಅಷ್ಟೇ. ನನ್ನ ದಿನಚರಿಯಲ್ಲಿ ಒಂದಿಬ್ಬರು ಎಂದೇ ಇದೆ. ಶೈಲಾಳ ಸಾಲು ಭವನದ ಬಾಗಿಲು ದಾಟಿ ಅಂಗಳದವರೆಗೆ ಹೋಗಿತ್ತು ಎಂದೂ ಇದೆ. ಅದನ್ನು ನಂಬುವುದು ಹೇಗೆ? ನಾನು ಕೂತ ಜಾಗದಿಂದ ಬಾಗಿಲೇ ಕಾಣುತ್ತಿರಲಿಲ್ಲ.

ನಡುವೆ ಒಬ್ಬ ಹಿರಿಯರು ನನ್ನ ಎದುರು ಬಂದು ಕೂತರು. ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ ಎಂದು ಕೇಳಿದೆ. “ಪೂರ್ತಿ ಖಾಲಿ ತಂಗಿ, ಇವತ್ತು ಸಂಕಷ್ಟಿ, ಉಪವಾಸ. ಬೆಳಿಗ್ಗೆ ಬರೀ ಸಾಬುದಾಣಿ ಖಿಚಡಿ, ಮೇಲೆ ಎರಡು ಬಾಳೆಹಣ್ಣು” ಎಂದರು. ನಮ್ಮ ಕಡೆ ಇದು ಎಲ್ಲರೂ ಮಾಡುವ ತಪ್ಪು. ಅನ್ನ ಮುಟ್ಟದಿದ್ದರೆ ಉಪವಾಸ. ಉಳಿದದ್ದೆಲ್ಲ ದೇವರಿಗೆ ನಡೆಯುತ್ತದೆ, ಆದ್ದರಿಂದ ಲ್ಯಾಬಿಗೂ ನಡೆಯಬೇಕು. ನಾನು ಅವರಿಗೆ ದೇವರ ಉಪವಾಸಕ್ಕೂ ಸಕ್ಕರೆಯ ಉಪವಾಸಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿ, ನಾಳೆ ಲ್ಯಾಬಿಗೆ ಬನ್ನಿ ಎಂದೆ. ಅವರು ಮುಖ ದಪ್ಪಗೆ ಮಾಡಿಕೊಂಡು ಎದ್ದು ಶೈಲಾಳ ಕಡೆ ಹೋದರು. ಅವಳು ಹೇಳಿದ್ದೂ ಅದನ್ನೇ. “ಅಯ್ಯ ಮಾವ, ನಂಗೆ ಬಿಟ್ಟು ಖಿಚಡಿ ತಿಂದ್ರ್ಯಾ? ಮನೆಗೆ ನಡೀರಿ, ನಾಳೆ ಬನ್ನಿ!” ಹಿರಿಯರು ಗಹಗಹಿಸಿ ನಕ್ಕು, “ಬರ್ತೆ ಮಗಾ, ನಿನ್ನ ಹತ್ರವೇ ಬರ್ತೆ” ಎಂದು ಹೋದರು. ರಕ್ತ ತೆಗೆಯುವುದರಲ್ಲಿ ಅವಳು ಮುಂದಿದ್ದರೆ ಹಾಳಾಗಿ ಹೋಗಲಿ. ತೆಗೆಯದೆ ವಾಪಸು ಕಳಿಸುವುದರಲ್ಲಿಯೂ ಮುಂದಿದ್ದರೆ ಮನುಷ್ಯರು ಎಲ್ಲಿಗೆ ಹೋಗಬೇಕು?

ಅಷ್ಟರಲ್ಲಿ ಆಯಿ ಬಂದಳು. ಆಯಿಗೆ ಸಕ್ಕರೆ ಕಾಯಿಲೆ ಇದೆ. ಮೂರು ತಿಂಗಳಿಗೊಮ್ಮೆ, ನೇರಳೆ ಮುಚ್ಚಳದ ಕೊಳವೆಯಲ್ಲಿ, ಸರಾಸರಿ ಸಕ್ಕರೆಯ ಪರೀಕ್ಷೆ ಆಗಬೇಕು. ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು. ನನ್ನ ಮುಂದೆ ಆಗ ಯಾರೂ ಇರಲಿಲ್ಲ. ನಾನು ಹೊಸ ಸೂಜಿಯ ಪೊಟ್ಟಣ ಕೈಗೆತ್ತಿಕೊಂಡು, ಕುರ್ಚಿಯನ್ನು ಒರೆಸಿ, ನಗುತ್ತ ನೋಡಿದೆ. ಆಯಿ ನನ್ನನ್ನು ನೋಡಿದಳು, ಖಾಲಿ ಕುರ್ಚಿಯನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು, ನಡೆದುಹೋಗಿ ಶೈಲಾಳ ಸಾಲಿನ ಕೊನೆಯಲ್ಲಿ ನಿಂತಳು.

ನಿಂತಳು ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಭಾಷಣ ಬೇರೆ ಶುರುಮಾಡಿದಳು. “ನನ್ನ ನರ ಸಿಕ್ಕೂದು ಅಂದ್ರೆ ಸುಮ್ನಲ್ಲ. ಹುಬ್ಬಳ್ಳಿ ಆಸ್ಪತ್ರೆಲೂ ಸಿಕ್ಲಿಲ್ಲ. ನರ್ಸಮ್ಮ ಅತ್ತೇ ಬಿಟ್ಳು. ನಮ್ಮನಿ ಹುಡ್ಗಿಯಂತೂ ಎರಡೂ ಕೈ ಹುಡುಕಿ ಸೋತ್ಲು.” ನಮ್ಮನಿ ಹುಡುಗಿ ಎನ್ನುವಾಗ ಬೆರಳು ನನ್ನ ಕಡೆಗಿತ್ತು. ಜನ ತಿರುಗಿ ನನ್ನನ್ನು ನೋಡಿದರು. ಆ ನೋಟದಲ್ಲಿ ಕನಿಕರವಿತ್ತು ಎಂದು ದಿನಚರಿ ಹೇಳುತ್ತದೆ. ನನಗೆ ನೆನಪಿರುವುದು ನನ್ನ ಕಿವಿ ಬಿಸಿಯಾದದ್ದು ಮಾತ್ರ. ಆಯಿಯ ಸರದಿ ಬರುವ ಹೊತ್ತಿಗೆ ಅವಳ ನರ ಸಿಗುತ್ತದೋ ಇಲ್ಲವೋ ಎಂದು ನೋಡಲು ಜನ ಸಾಲು ಬಿಟ್ಟು ಸುತ್ತ ನೆರೆದರು. ಮಾಲಕರೂ ಚಹಾದ ಲೋಟ ಹಿಡಿದುಕೊಂಡು ಬಂದು ನಿಂತರು. ನನ್ನ ಮುಂದೆ ಕೂತು ತೋಳು ಚಾಚಿದ್ದ ಒಬ್ಬನೇ ಒಬ್ಬ ರೋಗಿಯೂ, “ಒಂದ್ನಿಮಿಷ, ನೋಡ್ಕಂಡು ಬಂದೆ” ಎಂದು ಎದ್ದುಹೋದ.

ಶೈಲಾ ಆಯಿಯ ತೋಳಿಗೆ ಪಟ್ಟಿ ಕಟ್ಟಿದಳು. ಬೆರಳಿಟ್ಟಳು. ಮೊದಲ ಸಲ ಅವಳ ಮಾತು ನಿಂತಿತು. ನಿಜ ಹೇಳುತ್ತೇನೆ, ಆ ಮೌನದಲ್ಲಿ ನನಗೆ ಆದಷ್ಟು ಸಂತೋಷ ಎಂ.ಎ. ಫಲಿತಾಂಶ ಬಂದಾಗಲೂ ಆಗಿರಲಿಲ್ಲ. “ಆಯೀ, ಕೈ ಎಂತಕೆ ಇಷ್ಟು ತಣ್ಣಗೆ? ಹಿಮಾಲಯಕ್ಕೆ ಹೋಗಿದ್ರ್ಯಾ?” ಎಂದಳು ಶೈಲಾ. ಆಯಿ ಬಾಯಿ ಬಿಗಿದು, ಮೀನುಪೇಟೆಯಲ್ಲಿ ದರ ಇಳಿಸದ ಹೆಂಗಸಿನಂತೆ ಕೂತಿದ್ದಳು. ಶೈಲಾ ಆ ತೋಳನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಮಲಗಿದ ಮಗುವನ್ನು ತಟ್ಟುವಂತೆ ತಟ್ಟುತ್ತ, “ನೀವು ಬಂಗಡೆಗೆ ತೆಪ್ಪಲಕಾಯಿ ಹಾಕ್ತ್ರ್ಯಾ, ಇಲ್ಲಾ ಬರೀ ಹುಳಿಯಾ?” ಎಂದು ಕೇಳಿದಳು. ಆಯಿ ಎಲ್ಲವನ್ನೂ ತಡೆದುಕೊಳ್ಳಬಲ್ಲಳು, ಸಾರಿನ ವಿಷಯದಲ್ಲಿ ತಪ್ಪು ತಿಳಿವಳಿಕೆಯನ್ನು ತಡೆದುಕೊಳ್ಳಲಾರಳು. “ತೆಪ್ಪಲಕಾಯಿ ಇಲ್ದೆ ಬಂಗಡೆ ಸಾರು ಮಾಡೂದ? ಅದು ಸಾರನಾ? ಮೊದ್ಲು ಕಾಯಿ ನುಣ್ಣಗೆ ಬೀಸ್ಬೇಕು...” ಎಂದು ಶುರುಮಾಡಿದಳು. ಕಾಯಿ ಬೀಸಿ ಮುಗಿಯುವುದರೊಳಗೆ ನೇರಳೆ ಮುಚ್ಚಳದ ಕೊಳವೆ ತುಂಬಿತ್ತು.

ಜನ ಚಪ್ಪಾಳೆ ತಟ್ಟಿದರು. ರಕ್ತ ತೆಗೆದದ್ದಕ್ಕೆ ಚಪ್ಪಾಳೆ ಬಿದ್ದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮಾಲಕರು ಚಹಾ ಮುಗಿಸಿ ನನ್ನ ಹತ್ತಿರ ಬಂದು ಮೆಲ್ಲಗೆ, “ಬಾಯ್, ನೀನೂ ಚಲೋನೇ ಮಾಡ್ತೆ. ಆದ್ರೆ ನಿನ್ನ ಸ್ವಂತ ಆಯಿನೇ ಆ ಬದಿಗೆ ಹೋದ ಮೇಲೆ ನಾ ಎಂತ ಮಾಡೂದು ಹೇಳು?” ಎಂದರು. ನಾನು ಕೊಳವೆಗಳನ್ನು ಬಣ್ಣದ ಪ್ರಕಾರ ಜೋಡಿಸಿಟ್ಟು ಮನೆಗೆ ಬಂದೆ.

ಮನೆಯಲ್ಲಿ ನಾನು ಆಯಿಯ ಹತ್ತಿರ ಮಾತು ಬಿಟ್ಟೆ. ಇದು ಶೆಟಗೇರಿಯಂಥ ಊರಿನಲ್ಲಿ, ಎರಡು ಕೋಣೆಯ ನಡುವೆ ಬಾಗಿಲಿಲ್ಲದ ಮನೆಯಲ್ಲಿ, ಅಷ್ಟು ಸುಲಭವಲ್ಲ. ಗಂಜಿ ಬೇಕಾದರೆ ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದೆ. ಆಯಿ ಉಪ್ಪಿನಕಾಯಿಯನ್ನು ಇನ್ನೂ ಹೆಚ್ಚು ಸದ್ದು ಮಾಡಿ ಬಡಿಸುತ್ತಿದ್ದಳು. ಅಪ್ಪ ಕದ್ರಾದಿಂದ ಫೋನು ಮಾಡಿದರೆ ನಾವಿಬ್ಬರೂ ಅವರ ಮೂಲಕ ಮಾತಾಡುತ್ತಿದ್ದೆವು. ಕೊನೆಗೆ ಒಂದು ಮಧ್ಯಾಹ್ನ ಅಂಗಳದಲ್ಲಿ ಕೂತು ಆಯಿ ಮೀನು ಕೊಯ್ಯುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

“ನನ್ನ ಕುರ್ಚಿ ಖಾಲಿ ಇತ್ತಲ್ಲೇ ಆಯಿ. ನಿನ್ನ ಮಗಳಲ್ವ ನಾನು?”

“ಅದ್ಕೇ ಹೋದೆ” ಎಂದಳು ಆಯಿ, ಕತ್ತಿಯಿಂದ ಕಣ್ಣು ತೆಗೆಯದೆ.

“ಅದ್ಕೇ ಅಂದ್ರೆ?”

“ನನ್ನ ನರ ಯಾರಿಗೂ ಸಿಕ್ಕೂದಿಲ್ಲ ಅಲ್ವನೇ? ಅವ್ಳಿಗೂ ಸಿಕ್ಕೂಕಿಲ್ಲ ಅಂದ್ಕಂಡೆ. ಎಲ್ಲರ ಎದುರಿಗೆ ಎರಡು ಸಲ, ಮೂರು ಸಲ ತಪ್ಪಿದ್ರೆ ಅವ್ಳ ಕೈಗುಣ ಎಲ್ಲ ಅಲ್ಲೇ ಮುಗೀತಿತ್ತು. ಜನ ನಿನ್ನ ಬದಿಗೆ ಬರ್ತಿದ್ರು.” ಒಂದು ಬಂಗಡೆಯ ತಲೆ ಹಾರಿತು. “ಹಿಂದಿನ ದಿನ ಮಧ್ಯಾಹ್ನದಿಂದ ಒಂದು ಹನಿ ನೀರು ಕುಡೀಲಿಲ್ಲ. ಬೆಳಿಗ್ಗೆ ಬಾವಿ ನೀರಲ್ಲಿ ಕೈ ಅದ್ದಿ ಅದ್ದಿ ಇಟ್ಕಂಡು ಬಂದೆ. ಭವನದ ನಲ್ಲಿಯಲ್ಲೂ ಒಂದ್ಸಲ ಹಿಡ್ದೆ. ನೀನೇ ಹೇಳ್ಕೊಟ್ಟದ್ದು, ತಣ್ಣಗಿದ್ರೆ ನರ ಕುಗ್ತದೆ ಅಂತ.”

ಸಕ್ಕರೆ ಕಾಯಿಲೆಯವಳು ನೀರು ಕುಡಿಯದೆ ಕೂತದ್ದಕ್ಕೆ ಬಯ್ಯಬೇಕೋ, ನನ್ನ ಪಾಠವನ್ನು ನನ್ನ ತರಗತಿಯವರಿಗಿಂತ ಚೆನ್ನಾಗಿ ಕಲಿತದ್ದಕ್ಕೆ ಹೊಗಳಬೇಕೋ ತಿಳಿಯಲಿಲ್ಲ. “ಹಂಗಾರೆ ಊರಿಗೆಲ್ಲ ಕೇಳೂ ಹಂಗೆ ಕೂಗಿದ್ದೆಂತಕೆ?” ಎಂದೆ.

“ಅವ್ಳು ತಪ್ಪೂದು ಜನ ನೋಡ್ಬೇಕಲ್ಲ! ಜನ ಸೇರ್ದೆ ತಪ್ಪಿದ್ರೆ ಎಂತ ಪ್ರಯೋಜನ?” ಎಂದಳು. ಆಮೇಲೆ ಇನ್ನೊಂದು ಬಂಗಡೆ ಎಳೆದುಕೊಂಡು, “ಮುಂಡೆದು, ಸಾರಿನ ಮಾತು ತೆಗ್ದುಬಿಡ್ತು” ಎಂದಳು. ಆ ಬೈಗುಳದಲ್ಲಿ ನನಗೆ ಇಷ್ಟವಾಗದ ಒಂದು ಮೆಚ್ಚುಗೆ ಇತ್ತು.

ಇಷ್ಟು ದಿನ ನಾನು ನನ್ನ ಹೊಟ್ಟೆಕಿಚ್ಚನ್ನು ಸ್ವಂತ ದುಡಿಮೆ ಎಂದುಕೊಂಡಿದ್ದೆ. ಅದು ತಾಯಿಯ ಕಡೆಯಿಂದ ಬಂದ ಆಸ್ತಿ ಎಂದು ಆವತ್ತು ಗೊತ್ತಾಯಿತು. ನಾನಾದರೋ ವಾಟ್ಸ್ಯಾಪಿನಲ್ಲಿ ಹೂವು ಹಾಕಿ ಸುಮ್ಮನಿರುವವಳು. ಆಯಿ ಬಾಯಾರಿ, ಕೈ ತಣ್ಣಗೆ ಮಾಡಿಕೊಂಡು, ಹಬ್ಬದ ಸೀರೆ ಉಟ್ಟು ಯುದ್ಧಕ್ಕೆ ಹೋದವಳು. ಶೈಲಾ ಶಿಬಿರದ ದಿನದವರೆಗೆ ಒಳ್ಳೆಯ ಹುಡುಗಿ ಮಾತ್ರ ಆಗಿದ್ದಳು. ಹುಬ್ಬಳ್ಳಿಯಲ್ಲೂ ಸಿಗದ ನರವನ್ನು ಹಿಡಿದವಳು ಎಂದು ತಾಲೂಕಿಗೆಲ್ಲ ಹೆಸರು ಮಾಡಿಸಿಕೊಟ್ಟವಳು ನನ್ನ ಹೆತ್ತ ತಾಯಿ. ನನಗೆ ಸಿಗಬೇಕಿದ್ದ ಕೆಲಸವನ್ನು ಅವಳಿಗೆ ನನ್ನ ಮೇಲಿದ್ದ ಪ್ರೀತಿಯೇ ತಿಂದುಹಾಕಿತು. ಬಾವಿಕಟ್ಟೆಯ ಹತ್ತಿರ ಹೋಗಿ ಅಳಬೇಕೆಂದು ಹೊರಟೆ, ದಾರಿಯಲ್ಲಿ ನಗು ಬಂತು. ಯಾವುದು ಮೊದಲು ಬಂತು ಎಂದು ಪ್ರಮಾಣ ಮಾಡಿ ಹೇಳಲಾರೆ.

ಕೆಲವು ವಾರ ಕಳೆದ ಮೇಲೆ ಶೈಲಾಳ ಫೋನು ಬಂತು. “ಏ, ನಮ್ಮ ಲ್ಯಾಬಲ್ಲಿ ಸಿಕ್ಕಾಪಟ್ಟೆ ಗರ್ದಿ ಮಾರಾಯ್ತಿ, ಒಬ್ಳ ಕೈಲಿ ಆಗೂದಿಲ್ಲ. ಸರ್ ಹತ್ರ ನಿನ್ನ ಹೆಸ್ರು ಹೇಳಿದ್ದೆ. ಕೊಳವೆಗಳ ಬಣ್ಣ ನಂಗೆ ಇನ್ನೂ ಗೊಂದಲ ಆಗ್ತದೆ, ನೀ ಇದ್ರೆ ನಂಗೆ ಧೈರ್ಯ. ಬರ್ತ್ಯಾ?” ನಾನು ಯೋಚಿಸಿ ಹೇಳುತ್ತೇನೆ ಎಂದೆ. ಅವಳು ಆಚೆಯಿಂದ, “ಯೋಚ್ನೆ ಮಾಡು, ನಾ ಹಿಡ್ಕಂಡಿರ್ತೆ” ಎಂದು ಫೋನನ್ನು ಹಾಗೇ ಹಿಡಿದುಕೊಂಡಳು. ಕೈಗುಣ ಇರುವುದು ಸಾಲದೆಂದು ಒಳ್ಳೆಯತನವೂ ಇದೆ ಎಂದರೆ ಹೊಟ್ಟೆಕಿಚ್ಚು ಪಡುವವರಿಗೆ ಕಾಲೂರಲು ಜಾಗವೇ ಉಳಿಯುವುದಿಲ್ಲ. ಅವಳು ಸ್ವಲ್ಪ ಕೆಟ್ಟವಳಾಗಿದ್ದರೆ ನಾನು ಎಷ್ಟು ನೆಮ್ಮದಿಯಾಗಿರುತ್ತಿದ್ದೆ! ಬರುತ್ತೇನೆ ಎಂದೆ. ಹೀಗೆ ನನಗೆ ಮೊದಲ ಕೆಲಸ ಸಿಕ್ಕಿತು. ಗುಂಪಿನಲ್ಲಿ ಬಿಳಿ ಕೋಟಿನ ಫೋಟೋ ಹಾಕಿದೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಹೂವು ಹಾಕಿದವಳು ಶೈಲಾ. ಅವು ಯಾವ ಜಾತಿಯ ಹೂವು ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಈಗ ಲ್ಯಾಬಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂರುತ್ತೇವೆ. ಅವಳ ಕಡೆ ಗದ್ದಲ, ನನ್ನ ಕಡೆ ಕಚೇರಿಗೆ ಹೊತ್ತಾದವರು. ಅವಸರದವರಿಗೆ ಕೈಗುಣ ನೋಡಲು ಸಮಯವಿರುವುದಿಲ್ಲ. ಅವರೇ ನನ್ನ ಅನ್ನದಾತರು. ಮೊನ್ನೆ ಆಯಿಯ ಮೂರು ತಿಂಗಳು ತುಂಬಿತು. ಈ ಸಲ ನಾನು ಹಿಂದಿನ ದಿನವೇ ಅವಳಿಗೆ ಚೊಂಬುಗಟ್ಟಲೆ ನೀರು ಕುಡಿಸಿದ್ದೆ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ತೊಳೆಸಿ ನಾನೇ ಆಟೋದಲ್ಲಿ ಕೂರಿಸಿಕೊಂಡು ಬಂದೆ. ಎರಡೂ ಕುರ್ಚಿ ಖಾಲಿ ಇದ್ದವು. ಈಗ ಯಾರನ್ನೂ ಸೋಲಿಸಬೇಕಾಗಿಲ್ಲ, ಯಾವ ಉಪಾಯವೂ ಬೇಕಾಗಿಲ್ಲ, ಕೆಲಸ ಇಬ್ಬರಿಗೂ ಸಿಕ್ಕಿದೆ. ಆಯಿ ಒಳಗೆ ಬಂದಳು, ಎರಡು ಕುರ್ಚಿಯನ್ನೂ ನೋಡಿದಳು, ನೆಟ್ಟಗೆ ಹೋಗಿ ಶೈಲಾಳ ಎದುರು ಕೂತು ತೋಳು ಚಾಚಿದಳು.

“ಆಯೀ!” ಎಂದೆ ನಾನು. ಸ್ವಲ್ಪ ಜೋರಾಗಿಯೇ ಎಂದೆ. ಒಳಗಿನಿಂದ ಮಾಲಕರು ಇಣುಕಿ ನೋಡಿದರು. “ಇವತ್ತೆಂತಕೆ ಅಲ್ಲಿ?”

“ಹೋದ ಸಲ ನೋವೇ ಆಗ್ಲಿಲ್ಲ ಮಗಾ” ಎಂದಳು ಆಯಿ, ಬಹಳ ಸಮಾಧಾನದಿಂದ. ಶೈಲಾ ತಲೆ ತಗ್ಗಿಸಿ ಪಟ್ಟಿ ಹುಡುಕುವ ನಾಟಕ ಮಾಡುತ್ತಿದ್ದಳು. ನಾನು ಸುಮ್ಮನಿರಲಿಲ್ಲ. ಮಗಳು, ಹೆತ್ತ ಕರುಳು, ಊರವರ ಬಾಯಿ ಎಂದೆಲ್ಲ ಶುರುಮಾಡಿದೆ. ಆಯಿ ಕೇಳುವಷ್ಟು ಕೇಳಿ, “ಅದೆಲ್ಲ ಇರ್ಲಿ. ನೀ ಕೆಲ್ಸಕ್ಕೆ ಸೇರೂ ದಿವ್ಸ ನಿನ್ನ ರಕ್ತ ತೆಗ್ಸಿದ್ರಲ್ಲ, ಯಾರ ಹತ್ರ ತೆಗ್ಸ್ಕಂಡೆ?” ಎಂದು ಕೇಳಿದಳು.

ಕೆಲಸಕ್ಕೆ ಸೇರುವವರೆಲ್ಲರ ರಕ್ತಪರೀಕ್ಷೆ ಆಗಬೇಕೆಂಬುದು ನಮ್ಮ ಲ್ಯಾಬಿನ ನಿಯಮ. ಆ ದಿನ ಮಾಲಕರೇ ಸಿರಿಂಜು ಹಿಡಿದುಕೊಂಡು, “ಬಾ ಬಾಯ್, ನಾ ತೆಗೀತೆ” ಎಂದು ಕರೆದಿದ್ದರು. ಮೂವತ್ತು ವರ್ಷ ಈ ಊರಿನ ರಕ್ತ ತೆಗೆದ ಅನುಭವಿಗಳು. ಅವರಿಗೆ ತೊಂದರೆ ಕೊಡುವುದು ಬೇಡವೆಂದು ನಾನು ಶೈಲಾಳ ಎದುರು ಹೋಗಿ ಕೂತಿದ್ದೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಆಯಿಗೆ ಅದನ್ನೇ ಹೇಳೋಣವೆಂದು ಬಾಯಿ ತೆರೆದೆ. ಅವಳು ಆಗಲೇ ಶೈಲಾಳ ಕಡೆ ತಿರುಗಿ, ಹೋದ ಸಲ ಅರ್ಧಕ್ಕೆ ನಿಂತ ಸಾರನ್ನು ಮುಂದುವರಿಸಿದ್ದಳು. ನಾನು ಎದ್ದು ಬಾಗಿಲಿಗೆ ಹೋಗಿ, ಕಚೇರಿಗೆ ಹೊತ್ತಾದವರು ಯಾರಾದರೂ ಬರುತ್ತಾರೋ ಎಂದು ರಸ್ತೆ ನೋಡುತ್ತ ನಿಂತೆ.